ಯಂತ್ರ ತಂದವರು ಕಲಿಸಲೂ ಬೇಕು

(ನಮ್ಮ ಭಾನುವಾರದ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪೂರ್ಣಪಾಠ. ಅನೇಕ ಕೇಳುಗರು ಕೇಳಿದ್ದರಿಂದ ಇಲ್ಲಿ ಕೊಡುತ್ತಿದ್ದೇವೆ.)



ಹೊಸ ತಂತ್ರಜ್ಞಾನ ನಮ್ಮ ಉದ್ಯೋಗವನ್ನೂ ದಿನನಿತ್ಯದ ಬದುಕನ್ನೂ ಹೇಗೆ ಬದಲಿಸುತ್ತಿದೆ ಎಂಬುದರ ಬಗ್ಗೆ ಇವತ್ತು ನಾಲ್ಕು ಮಾತು. ನಾನು ಓದಿದ್ದು ಕನ್ನಡ ಬಿ.ಎ. ಹಳಗನ್ನಡದ ಪದ್ಯಕ್ಕೆ ಅರ್ಥ ಕೇಳಿದರೆ ಹೇಗೋ ಹೇಳಿಯೇನು. ಬ್ಯಾಟರಿಯೊಳಗೆ ಏನು ನಡೆಯುತ್ತದೆ ಎಂದು ಕೇಳಿದರೆ ಹಿಂಜವಡಿಯಲ್ಲಿ ಕೆಲಸ ಮಾಡುವ ನಿಮ್ಮ ಮಕ್ಕಳ ಕಡೆಗೆ ಕೈ ತೋರಿಸಬೇಕಾಗುತ್ತದೆ. ಆದ್ದರಿಂದ ಯಂತ್ರದ ಹೊಟ್ಟೆಯೊಳಗಿನ ವಿಚಾರ ಅವರಿಗೇ ಇರಲಿ. ಹೊಸ ಯಂತ್ರವೊಂದು ಊರಿಗೆ ಬಂದಾಗ ಅದನ್ನು ಬಳಸುವುದನ್ನು ಯಾರು ಯಾರಿಗೆ ಕಲಿಸಿದರು, ಯಾರು ಕಲಿಯಲಾಗದೆ ಹೊರಗೆ ಉಳಿದರು ಎಂಬುದನ್ನಷ್ಟೇ ನಾವು ನೋಡೋಣ. ಇಂಥ ಮಾತಿಗೆ ಪುಣೆಗಿಂತ ಒಳ್ಳೆಯ ಊರು ಸಿಗಲಿಕ್ಕಿಲ್ಲ. ಕಥೆ ಮಾತ್ರ ಶುರುವಾಗುವುದು ನಮ್ಮ ಬೆಳಗಾವಿಯಿಂದ.

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದರು. ಹುಡುಗನಿಗೆ ಶಾಲೆಯ ಪಾಠಕ್ಕಿಂತ ಚಿತ್ರ ಬರೆಯುವುದರಲ್ಲಿ, ಯಂತ್ರ ಬಿಚ್ಚುವುದರಲ್ಲಿ ಆಸೆ. ಮುಂಬೈಗೆ ಹೋಗಿ ಜೆ.ಜೆ. ಕಲಾಶಾಲೆ ಸೇರಿದರು, ಮುಂದೆ ಅಲ್ಲಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಮೇಷ್ಟರಾದರು. ಅಣ್ಣ ರಾಮಣ್ಣನವರ ಜೊತೆ ಸೇರಿ ಅವರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸಿದರು. ಕಿರ್ಲೋಸ್ಕರ್ ಉದ್ಯಮದ ಆರಂಭದ ವರ್ಷವೆಂದು ಇಂದಿಗೂ ಹೇಳುವುದು ಆ ಅಂಗಡಿಯ 1888ನ್ನೇ. ಆ ಕಾಲದಲ್ಲಿ ಸೈಕಲ್ ಎಂದರೆ ಜನ ರಸ್ತೆಬದಿಗೆ ನಿಂತು ನೋಡುವ ವಸ್ತು. ಎರಡೇ ಗಾಲಿಯ ಮೇಲೆ ಬೀಳದೆ ಹೋಗುವುದು ಹೇಗೆಂದು ಊರಿಗೆ ಊರೇ ಗೊತ್ತಿರದಿದ್ದಾಗ ಬರಿಯ ಸೈಕಲ್ ಯಾರು ಕೊಳ್ಳುತ್ತಾರೆ? ಹಾಗಾಗಿ ಅಂಗಡಿಯವರು ಸೈಕಲ್ಲನ್ನೂ ಮಾರಿದರು, ಶುಲ್ಕ ತೆಗೆದುಕೊಂಡು ಸವಾರಿಯನ್ನೂ ಕಲಿಸಿದರು. ಕಲಿಸುವುದು ವ್ಯಾಪಾರದ ಒಂದು ಭಾಗವೇ ಆಗಿತ್ತು ಎಂಬುದನ್ನು ದಯವಿಟ್ಟು ನೆನಪಿನಲ್ಲಿಡಿ.

ಮುಂದೆ ಅವರು ಮೇವು ಕತ್ತರಿಸುವ ಯಂತ್ರ ಮಾಡಿದರು, ಕಬ್ಬಿಣದ ನೇಗಿಲು ಮಾಡಿದರು. ನೇಗಿಲು ಕೊಳ್ಳುವವರೇ ಇಲ್ಲ! ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ನಂಬಿದ್ದರು. ಮೂಢನಂಬಿಕೆ ಎಂದು ನಾವು ಈಗ ಸುಲಭವಾಗಿ ನಗಬಹುದು. ಆದರೆ ಒಂದು ಹಂಗಾಮು ಕೆಟ್ಟರೆ ಮನೆಮಂದಿಯೆಲ್ಲ ಉಪವಾಸ ಬೀಳುವ ರೈತ ಗೊತ್ತಿಲ್ಲದ್ದನ್ನು ಹೊಲಕ್ಕೆ ಇಳಿಸಲು ಹೆದರಿದ್ದರಲ್ಲಿ ನ್ಯಾಯವಿತ್ತು. ಲಕ್ಷ್ಮಣರಾಯರು ಕಾದರು, ವಿವರಿಸಿದರು, ನೇಗಿಲನ್ನು ಸುಧಾರಿಸಿದರು. 1910ರಲ್ಲಿ ಬೆಳಗಾವಿ ಬಿಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ಅರಸರು ಜಾಗ ಕೊಟ್ಟರು. ಅದೇ ಇಂದು ಸಾಂಗ್ಲಿ ಜಿಲ್ಲೆಯಲ್ಲಿರುವ ಕಿರ್ಲೋಸ್ಕರವಾಡಿ. ಅಲ್ಲಿಂದ 1920ರಲ್ಲಿ 'ಕಿರ್ಲೋಸ್ಕರ್ ಖಬರ್' ಎಂಬ ಮರಾಠಿ ಪತ್ರಿಕೆ ಹೊರಟಿತು. ಶಂಕರರಾವ್ ಕಿರ್ಲೋಸ್ಕರ್ ಅದರ ಸಂಪಾದಕರು. ಕಾರ್ಖಾನೆಯ ಸುದ್ದಿಪತ್ರವಾಗಿ ಹುಟ್ಟಿದ ಅದು ಮುಂದೆ ಮಹಾರಾಷ್ಟ್ರದ ದೊಡ್ಡ ಮಾಸಪತ್ರಿಕೆಯಾಯಿತು. ಯಂತ್ರ ಮಾಡುವವರು ಕೊಳ್ಳುವವರ ಭಾಷೆಯಲ್ಲಿ ಪತ್ರಿಕೆಯನ್ನೇ ನಡೆಸಿದರು ಎಂದರೆ ಕಡಿಮೆ ಮಾತಲ್ಲ. 1946ರಲ್ಲಿ ಪುಣೆಯ ಖಡಕಿಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಶುರುವಾಯಿತು. ಬಾವಿಯ ಪಕ್ಕದ ಎಂಜಿನ್ನಿನ ಟುಕುಟುಕು ಸದ್ದು ಕೇಳದ ಹಳ್ಳಿ ನಮ್ಮ ಉತ್ತರ ಕರ್ನಾಟಕದಲ್ಲಿ ಅಪರೂಪ.

ಇದೇ ಮನೆತನದ ಇನ್ನೊಂದು ಕಥೆಯನ್ನೂ ಹೇಳಬೇಕು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹುಟ್ಟಿತು. ಅಲ್ಲಿ ತಯಾರಾಗುತ್ತಿದ್ದ ಲೇತ್ ಯಂತ್ರಗಳು ದೇಶದ ಉದ್ದಗಲಕ್ಕೆ ಹೋದವು. 2000ರ ದಶಕದ ಆರಂಭದಲ್ಲಿ ಆ ಕಾರ್ಖಾನೆ ಮುಚ್ಚಿತು. ಮುಚ್ಚಿದ್ದಕ್ಕೆ ಕಾರಣಗಳು ಹಲವು. ಅದೇ ಕಾಲಕ್ಕೆ ಕೈಯಿಂದ ನಡೆಸುವ ಲೇತಿನ ಜಾಗಕ್ಕೆ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರಗಳು ಎಲ್ಲ ಕಡೆ ಬರುತ್ತಿದ್ದವು. ಕಬ್ಬಿಣ ಸುಲಿಯುವಾಗಿನ ಸದ್ದಿನಿಂದಲೇ ಅಳತೆ ಸರಿಯಿದೆಯೋ ಇಲ್ಲವೋ ಹೇಳಬಲ್ಲ ನುರಿತ ಕೆಲಸಗಾರನ ವಿದ್ಯೆಗೆ ನಲವತ್ತೈದರ ವಯಸ್ಸಿನಲ್ಲಿ ಬೆಲೆ ಇಳಿದರೆ ಅವನು ಎಲ್ಲಿಗೆ ಹೋಗಬೇಕು? ಕಲಿತ ವಿದ್ಯೆಯನ್ನು ಕಳ್ಳರು ಕದಿಯಲಾರರು ಎನ್ನುತ್ತೇವೆ. ನಿಜ. ಆದರೆ ವಿದ್ಯೆ ಹಳತಾಗುವುದನ್ನು ತಡೆಯಲು ಯಾವ ಬೀಗವೂ ಇಲ್ಲ.

ಈಗ ಪುಣೆಗೆ ಬರೋಣ. ನಿಮ್ಮಲ್ಲಿ ಹಿರಿಯರು ಅನೇಕರು ಧಾರವಾಡದಿಂದಲೋ ವಿಜಾಪುರದಿಂದಲೋ ಈ ಊರಿಗೆ ಬಂದಾಗ ಕೈಯಲ್ಲಿ ಟೈಪಿಂಗ್ ಸರ್ಟಿಫಿಕೇಟು ಇದ್ದಿರಬೇಕು. ತಾಲೂಕಿಗೊಂದರಂತೆ ಟೈಪಿಂಗ್ ಇನ್‌ಸ್ಟಿಟ್ಯೂಟು, ಜೂನಿಯರ್, ಸೀನಿಯರ್ ಎಂದು ಪರೀಕ್ಷೆ, ಜೊತೆಗೆ ಶಾರ್ಟ್‌ಹ್ಯಾಂಡು. ಬೆಳಿಗ್ಗೆ ಆರಕ್ಕೆ ಹೋಗಿ ಟಕಟಕ ಬಡಿದು ಕಲಿತವರಿಗೆ ಸರಕಾರಿ ಕಚೇರಿ, ಬ್ಯಾಂಕು, ಕಾರ್ಖಾನೆಗಳ ಬಾಗಿಲು ತೆರೆಯುತ್ತಿತ್ತು. ಆ ಟೈಪ್‌ರೈಟರುಗಳಲ್ಲಿ ಕೆಲವು ನೀವು ಊರಿಗೆ ಹೋಗುವ ಹೆದ್ದಾರಿಯ ಮೇಲೆಯೇ, ಪುಣೆ–ಸಾತಾರಾ ನಡುವಿನ ಶಿರವಳದ ಗೋದ್ರೇಜ್ ಕಾರ್ಖಾನೆಯಲ್ಲಿ ತಯಾರಾದವು. 2009ರ ಹೊತ್ತಿಗೆ ಅಲ್ಲಿಯ ತಯಾರಿಕೆಯೂ ನಿಂತಿತು. ಯಂತ್ರ ಹೋದದ್ದಕ್ಕೆ ಬೇಸರವಿಲ್ಲ. ಬಡವರ ಮನೆಯ ಹುಡುಗ ಹುಡುಗಿಯರು ಸಣ್ಣ ಶುಲ್ಕ ಕೊಟ್ಟು, ತಮ್ಮ ಊರಲ್ಲೇ, ಆರು ತಿಂಗಳಲ್ಲಿ ಹೊಸ ವಿದ್ಯೆ ಕಲಿಯುವ ವ್ಯವಸ್ಥೆಯೊಂದಿತ್ತು. ಯಂತ್ರದ ಜೊತೆಗೆ ಅದೂ ಸವೆಯಿತು.

ಟೈಪ್‌ರೈಟರನ್ನು ಹಿಂದೆ ಹಾಕಿದ ಕಂಪ್ಯೂಟರಿಗೂ ಪುಣೆಗೂ ದೊಡ್ಡ ನಂಟು. ಅಮೆರಿಕ ತನ್ನ ಶಕ್ತಿಶಾಲಿ ಸೂಪರ್ ಕಂಪ್ಯೂಟರನ್ನು ಭಾರತಕ್ಕೆ ಕೊಡಲು ಒಪ್ಪದಿದ್ದಾಗ, 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಸಂಸ್ಥೆ ಆರಂಭವಾಯಿತು. ವಿಜಯ್ ಭಟ್ಕರ್ ಅವರ ನೇತೃತ್ವದಲ್ಲಿ 1991ರಲ್ಲಿ 'ಪರಂ 8000' ಸಿದ್ಧವಾಯಿತು. ಈ ಕಥೆ ಎಲ್ಲರಿಗೂ ಗೊತ್ತು. ಅದೇ ಸಂಸ್ಥೆ ಭಾರತೀಯ ಲಿಪಿಗಳನ್ನು ಕಂಪ್ಯೂಟರಿಗೆ ತರುವ 'ಜಿಸ್ಟ್' ಕೆಲಸವನ್ನೂ ಬೆಳೆಸಿತು ಎಂಬುದು ಅಷ್ಟಾಗಿ ಯಾರ ಬಾಯಲ್ಲೂ ಇಲ್ಲ. ಭಾರತೀಯ ಲಿಪಿಗಳಿಗೆಲ್ಲ ಒಂದೇ ಸಂಕೇತ ಪದ್ಧತಿ 1991ರಲ್ಲಿ ರಾಷ್ಟ್ರೀಯ ಮಾನದಂಡವಾಯಿತು. ಅದರ ಜೊತೆಗಿನ 'ಇನ್‌ಸ್ಕ್ರಿಪ್ಟ್' ಕೀಲಿಮಣೆಯ ಸೊಗಸು ನೋಡಿ: ಕನ್ನಡದ 'ಕ' ಯಾವ ಕೀಲಿಯಲ್ಲಿದೆಯೋ ಮರಾಠಿಯ 'ಕ' ಕೂಡ ಅದೇ ಕೀಲಿಯಲ್ಲಿದೆ. ಒಮ್ಮೆ ಬೆರಳಿಗೆ ರೂಢಿಯಾದರೆ ಮನೆಮಾತನ್ನೂ ಬರೆಯಬಹುದು, ಊರಮಾತನ್ನೂ ಬರೆಯಬಹುದು. ಪುಣೆಯ ಕನ್ನಡಿಗರಿಗೆಂದೇ ಮಾಡಿದಂತಿದೆ, ಅಲ್ಲವೇ?

ಆದರೂ ನಮ್ಮ ಕಾರ್ಯಕ್ರಮಕ್ಕೆ ಬರುವ ಸಂದೇಶಗಳಲ್ಲಿ ಮುಕ್ಕಾಲು ಪಾಲು ಕನ್ನಡ ಇಂಗ್ಲಿಷ್ ಅಕ್ಷರದಲ್ಲೇ ಇರುತ್ತದೆ. 'ಹಾಲು' ಎಂದು ಬರೆದರೋ 'ಹಳ್ಳು' ಎಂದು ಬರೆದರೋ ತಿಳಿಯಲು ನಾನು ಎರಡು ಸಲ ಓದಬೇಕು. ಕೇಳುಗರ ಮೇಲೆ ನನ್ನ ದೂರಿಲ್ಲ. ತಂತ್ರಜ್ಞಾನ ಮೂವತ್ತು ವರ್ಷಕ್ಕೂ ಹಿಂದೆ ಬಂದಿದೆ, ಫೋನಿನಲ್ಲೂ ಇದೆ. ಕೂರಿಸಿಕೊಂಡು ಹೇಳಿಕೊಟ್ಟವರು ಮಾತ್ರ ಇಲ್ಲ.

ಈಗ ಆಕುರ್ಡಿಯ ಕಡೆ ಹೋಗೋಣ. ಬಜಾಜ್ ಚೇತಕ್ ಸ್ಕೂಟರ್ 1972ರಲ್ಲಿ ಬಂತು. ಹೆಸರು ಬರೆಸಿ ವರ್ಷಗಟ್ಟಲೆ ಕಾದವರು, ಮಗಳ ಮದುವೆಗೆಂದು ಮೊದಲೇ ಬುಕ್ ಮಾಡಿಟ್ಟವರು ನಿಮ್ಮಲ್ಲೂ ಇರಬಹುದು. ಅದು ಸ್ಟಾರ್ಟ್ ಆಗದಿದ್ದರೆ ಒಂದು ಕಡೆ ವಾಲಿಸಿ ಕಿಕ್ ಹೊಡೆಯಬೇಕು ಎಂಬ ವಿದ್ಯೆ ಯಾವ ಪುಸ್ತಕದಲ್ಲೂ ಇರಲಿಲ್ಲ, ಆದರೆ ಇಡೀ ದೇಶಕ್ಕೆ ಗೊತ್ತಿತ್ತು! ಬೈಕುಗಳ ಕಾಲ ಬಂದು ಚೇತಕ್ ನಿಂತಿತು. 2009ರ ಕೊನೆಗೆ ಕಂಪನಿ ಸ್ಕೂಟರ್ ತಯಾರಿಕೆಯನ್ನೇ ಬಿಡುವುದಾಗಿ ಹೇಳಿತು. ಹತ್ತು ವರ್ಷದ ಮೇಲೆ, 2019ರ ಅಕ್ಟೋಬರಿನಲ್ಲಿ, ಅದೇ ಹೆಸರು ವಿದ್ಯುತ್ ಸ್ಕೂಟರಾಗಿ ಮರಳಿತು. 2020ರ ಜನವರಿಯಲ್ಲಿ ಮಾರಾಟ ಆರಂಭವಾದದ್ದು ಎರಡೇ ಊರುಗಳಲ್ಲಿ: ಒಂದು ಪುಣೆ, ಇನ್ನೊಂದು ಬೆಂಗಳೂರು. 2022ರಲ್ಲಿ ಆಕುರ್ಡಿಯಲ್ಲಿಯೇ ವಿದ್ಯುತ್ ವಾಹನಗಳ ಹೊಸ ಘಟಕ ತೆರೆಯಿತು.

ಹೊಗೆಯಿಲ್ಲ, ಸದ್ದಿಲ್ಲ, ಪೆಟ್ರೋಲಿನ ಖರ್ಚಿಲ್ಲ. ಊರಿಗೆ ಒಳ್ಳೆಯದೇ. ಆದರೆ ಅದರಲ್ಲಿ ಪಿಸ್ಟನ್ನೂ ಇಲ್ಲ, ಸ್ಪಾರ್ಕ್ ಪ್ಲಗ್ಗೂ ಇಲ್ಲ, ಕಾರ್ಬೊರೇಟರೂ ಇಲ್ಲ, ಸೈಲೆನ್ಸರೂ ಇಲ್ಲ. ಪಿಂಪ್ರಿ-ಚಿಂಚವಡ, ಭೋಸರಿಗಳ ಸಣ್ಣ ಸಣ್ಣ ಶೆಡ್ಡುಗಳಲ್ಲಿ ಎಂಜಿನ್ನಿನ ಬಿಡಿಭಾಗ ಮಾಡಿ ಬದುಕುತ್ತಿರುವ ಮನೆಗಳಿವೆ. ಗಲ್ಲಿಯ ಮೂಲೆಯಲ್ಲಿ ಬನಿಯನ್ನಿಗೆ ಗ್ರೀಸ್ ಮೆತ್ತಿಕೊಂಡು ಕೂರುವ ಮೆಕ್ಯಾನಿಕ್ ಕಾಕಾ ಇದ್ದಾರೆ. ಕಾಕಾ ಎಂಜಿನ್ನಿನ ಸದ್ದು ಕೇಳಿ ರೋಗ ಹೇಳುತ್ತಿದ್ದರು. ಹೊಸ ಗಾಡಿ ಸದ್ದೇ ಮಾಡುವುದಿಲ್ಲ. ರೋಗ ತಿಳಿಯಬೇಕಾದರೆ ಲ್ಯಾಪ್‌ಟಾಪ್ ಹಚ್ಚಬೇಕು, ಅದರೊಳಗಿನ ತಂತ್ರಾಂಶ ಸಾಮಾನ್ಯವಾಗಿ ತಯಾರಕರ ಅಧಿಕೃತ ಸರ್ವಿಸ್ ಕೇಂದ್ರದಲ್ಲೇ ಇರುತ್ತದೆ. ಎಂದರೆ ಕಾಕಾಗೆ ಕಲಿಯುವ ಮನಸ್ಸಿದ್ದರೂ ಪಾಠದ ಪುಸ್ತಕಕ್ಕೇ ಬೀಗ. ಹಳೆಯ ಚೇತಕ್ಕನ್ನು ಬಿಚ್ಚಿ ನೋಡಿಯೇ ಒಂದು ತಲೆಮಾರು ಮೆಕ್ಯಾನಿಕ್ ಆಯಿತು. ಈ ಮಾತು ಸರಕಾರಕ್ಕೂ ಮುಟ್ಟಿದೆ. ಕೊಂಡ ವಸ್ತುವನ್ನು ರಿಪೇರಿ ಮಾಡಿಸಿಕೊಳ್ಳುವ ಹಕ್ಕಿನ ಬಗ್ಗೆ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ಮಾಡಿತು, ಅದೇ ಡಿಸೆಂಬರಿನಲ್ಲಿ ಒಂದು ಜಾಲತಾಣವನ್ನೂ ತೆರೆಯಿತು. ಕೈಪಿಡಿ, ಬಿಡಿಭಾಗ, ರಿಪೇರಿಯ ಮಾಹಿತಿ ಗ್ರಾಹಕರಿಗೆ ಸಿಗಲಿ ಎಂಬುದು ಉದ್ದೇಶ. ಅದು ಗಲ್ಲಿಯ ಕಾಕಾವರೆಗೂ ಬರಬೇಕು.

ಕಲಿಸುವ ಪ್ರಯತ್ನ ನಡೆದೇ ಇಲ್ಲ ಎಂದರೆ ತಪ್ಪಾಗುತ್ತದೆ. ಕರ್ನಾಟಕ ಸರಕಾರ ತನ್ನ 150 ಸರಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಹೊಸ ಕಾಲದ ತಂತ್ರಜ್ಞಾನ ಕೇಂದ್ರಗಳಾಗಿ ಮಾಡಿತು. ಖರ್ಚು ಸುಮಾರು 4,700 ಕೋಟಿ ರೂಪಾಯಿ. 2022ರ ಜೂನ್ 20ರಂದು ಪ್ರಧಾನಿಯವರು ಬೆಂಗಳೂರಿನಲ್ಲಿ ಅವುಗಳನ್ನು ದೇಶಕ್ಕೆ ಸಮರ್ಪಿಸಿದರು. ಈ ಟಾಟಾ ಟೆಕ್ನಾಲಜೀಸ್ ಎಲ್ಲಿಯದು ಗೊತ್ತೇ? ನಮ್ಮ ಹಿಂಜವಡಿಯದು. ಬೆಳಗಾವಿಯ ಸೈಕಲ್ ಅಂಗಡಿಯ ಸಂತತಿ ಖಡಕಿಗೆ ಬಂತು, ಹಿಂಜವಡಿಯ ಕಂಪನಿ ಕರ್ನಾಟಕದ ಐಟಿಐಗೆ ಹೋಯಿತು. ನಿಮ್ಮ ಊರಿನಲ್ಲಿ ಹತ್ತನೇ ತರಗತಿ ಮುಗಿಸಿದ ತಮ್ಮ, ತಂಗಿ, ಅಕ್ಕನ ಮಕ್ಕಳು ಇದ್ದರೆ ಹತ್ತಿರದ ಐಟಿಐಯಲ್ಲಿ ಏನೇನು ಕಲಿಸುತ್ತಾರೆ ಎಂದು ಒಮ್ಮೆ ವಿಚಾರಿಸಲು ಹೇಳಿ. ಪುಣೆಯಲ್ಲಿ ಎಂಥ ಕೆಲಸಕ್ಕೆ ಬೇಡಿಕೆಯಿದೆ ಎಂದು ಅವರಿಗಿಂತ ನಿಮಗೆ ಚೆನ್ನಾಗಿ ಗೊತ್ತು.

ಇನ್ನು ದಿನನಿತ್ಯದ ಬದುಕು. 2016ರಲ್ಲಿ ಯುಪಿಐ ಬಂತು. ತರಕಾರಿ ಗಾಡಿಯ ಮೇಲೂ ಚೌಕುಳಿಯ ಚಿತ್ರ, ಪಕ್ಕದಲ್ಲಿ "ಇಷ್ಟು ರೂಪಾಯಿ ಬಂತು" ಎಂದು ಕೂಗುವ ಡಬ್ಬಿ. ಓದು ಬರಹ ಬಾರದ ತಾಯಿಗೂ ಆ ಡಬ್ಬಿ ಲೆಕ್ಕ ಹೇಳುತ್ತದೆ. ಇದು ಒಳ್ಳೆಯ ಯಂತ್ರ, ಏಕೆಂದರೆ ಬಳಸುವವರ ಕಷ್ಟ ತಿಳಿದು ಮಾಡಿದ್ದು. ಇನ್ನೊಂದು ಕಡೆ ನೋಡಿ. ಕಲಬುರ್ಗಿ, ಯಾದಗಿರಿ, ವಿಜಾಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ನಮ್ಮವರು ಪುಣೆಯಲ್ಲಿ ಬಹಳ ಮಂದಿ ಇದ್ದಾರೆ. 'ಒಂದು ದೇಶ, ಒಂದು ರೇಷನ್ ಕಾರ್ಡ್' ಏರ್ಪಾಡು 2022ರ ಹೊತ್ತಿಗೆ ದೇಶದ ಎಲ್ಲ ರಾಜ್ಯಗಳಿಗೂ ಬಂತು. ಆಹಾರ ಭದ್ರತೆ ಕಾಯ್ದೆಯ ಅಡಿ ಕಾರ್ಡಿದ್ದರೆ ಪುಣೆಯಲ್ಲಿ ತಮ್ಮ ಪಾಲು ತೆಗೆದುಕೊಳ್ಳಬಹುದು, ಊರಲ್ಲಿ ಉಳಿದ ಮನೆಯವರು ಅವರ ಪಾಲು ಅಲ್ಲೇ ತೆಗೆದುಕೊಳ್ಳಬಹುದು. ಯಂತ್ರ ಸಿದ್ಧವಾಗಿದೆ. ಆದರೆ ಸಿಮೆಂಟು ಕಲಸಿ, ಇಟ್ಟಿಗೆ ಹೊತ್ತು ಸವೆದ ಹೆಬ್ಬೆರಳಿನ ಗುರುತು ಯಂತ್ರಕ್ಕೆ ಸಿಗುವುದಿಲ್ಲ. ಎರಡು ಸಲ ಒತ್ತಿ, ಹಿಂದಿನವರು ಗದ್ದಲ ಮಾಡಿದಾಗ ಅವರು ಸುಮ್ಮನೆ ಚೀಲ ಮಡಿಚಿಕೊಂಡು ಹೊರಟುಬಿಡುತ್ತಾರೆ. ಬೇರೆ ಬೆರಳು ಇಟ್ಟು ನೋಡಬಹುದು, ಬೇರೆ ದಾರಿ ಕೇಳಬಹುದು ಎಂದು ಅವರ ಮಾತಿನಲ್ಲಿ ಹೇಳುವ ಒಬ್ಬರು ಅಲ್ಲಿ ಇದ್ದರೆ ಒಂದು ತಿಂಗಳ ಅಕ್ಕಿ ಉಳಿಯುತ್ತದೆ.

ಕಡೆಯದಾಗಿ ನನ್ನ ಕಸುಬಿಗೆ ಬರುತ್ತೇನೆ. ನಮ್ಮ ಹಿರಿಯರು ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸಿ ಕಾರ್ಯಕ್ರಮ ಮಾಡುತ್ತಿದ್ದರು. ನಾನು ಕಂಪ್ಯೂಟರಿನ ಮೇಲೆ ಅದೇ ಕೆಲಸ ಮಾಡುತ್ತೇನೆ. ಈಗ ಓದುವ ದನಿಯೂ ಯಂತ್ರದ್ದೇ ಆಗುತ್ತಿದೆ. 2023ರ ಜುಲೈಯಲ್ಲಿ ಕನ್ನಡದ ಪವರ್ ಟಿವಿ 'ಸೌಂದರ್ಯ' ಎಂಬ ಕೃತಕ ನಿರೂಪಕಿಯನ್ನು ತೆರೆಗೆ ತಂದಿತು. 2024ರ ಮೇ ತಿಂಗಳಲ್ಲಿ ದೂರದರ್ಶನದ ಕಿಸಾನ್ ವಾಹಿನಿ ಕ್ರಿಶ್ ಮತ್ತು ಭೂಮಿ ಎಂಬ ಇಬ್ಬರನ್ನು ತಂದಿತು. ಅವರಿಗೆ ನೆಗಡಿ ಬರುವುದಿಲ್ಲ, ರಜೆ ಬೇಡ, ಸಂಬಳವೂ ಬೇಡ. ನನ್ನ ಕೆಲಸ ಎಷ್ಟು ವರ್ಷ ಇರುತ್ತದೆ ಎಂದು ನೀವು ಕೇಳಿದರೆ ನಗುತ್ತಾ ಉತ್ತರ ಕೊಡುವುದು ಕಷ್ಟ.

ಒಂದು ವಿಚಿತ್ರ ಗಮನಿಸಿ. ಸೈಕಲ್ ಬಂದಾಗ ತಂದವರು ನಮಗೆ ಕಲಿಸಿದರು. ಈ ಮಾತನಾಡುವ ಯಂತ್ರಕ್ಕೆ ಕಲಿಸಿದವರು ನಾವು. ಮನುಷ್ಯರು ಓದಿದ, ಮಾತನಾಡಿದ ಸಾವಿರಾರು ಗಂಟೆಗಳ ಧ್ವನಿ ಕೇಳಿಯೇ ಅದು ಮಾತು ಕಲಿಯುತ್ತದೆ. 2022ರಲ್ಲಿ ಕೇಂದ್ರ ಸರಕಾರ ಶುರು ಮಾಡಿದ 'ಭಾಷಿಣಿ' ಯೋಜನೆಯಲ್ಲಿ ಜನ ತಮ್ಮ ಧ್ವನಿಯನ್ನು ದಾನ ಕೊಡುವ ಏರ್ಪಾಡೇ ಇದೆ. ಕೊಡುವುದು ಒಳ್ಳೆಯದೇ. ಬೆಂಗಳೂರಿನ ಕನ್ನಡ ಮಾತ್ರ ಕೇಳಿ ಬೆಳೆದ ಯಂತ್ರಕ್ಕೆ ನಾಳೆ ಕಲಬುರ್ಗಿಯ ಅಜ್ಜಿ "ಯಾಕ್ರಿ, ಏನಾಗ್ಯದ?" ಎಂದರೆ ಅರ್ಥವಾಗದೆ ಹೋದೀತು. ಆದರೆ ದಾನ ಬೇರೆ, ಕೇಳದೆ ತೆಗೆದುಕೊಳ್ಳುವುದು ಬೇರೆ. ಯಾರ ದನಿಯಿಂದ ಯಂತ್ರ ಕಲಿಯಿತೋ ಅವರ ಒಪ್ಪಿಗೆ ಕೇಳುವುದು, ಅವರ ಶ್ರಮಕ್ಕೆ ಬೆಲೆ ಕೊಡುವುದು, ಅವರಿಗೆ ಮುಂದಿನ ವಿದ್ಯೆ ಹೇಳಿಕೊಡುವುದು ಗುರುದಕ್ಷಿಣೆಯ ಲೆಕ್ಕದಲ್ಲಾದರೂ ನ್ಯಾಯ.

ಈ ದನಿಯಿಂದ ಇನ್ನೊಂದು ಅಪಾಯವೂ ಇದೆ. ಕೆಲವೇ ನಿಮಿಷದ ಧ್ವನಿ ಸಿಕ್ಕರೆ ಮೊಮ್ಮಗನ ದನಿಯಲ್ಲೇ "ಅಜ್ಜಿ, ಅಪಘಾತವಾಗಿದೆ, ದುಡ್ಡು ಕಳಿಸು" ಎಂದು ಯಂತ್ರದಿಂದ ಹೇಳಿಸಬಹುದು. ಅಂಥ ಕರೆ ಬಂದರೆ ಇಟ್ಟುಬಿಡಿ, ಮೊಮ್ಮಗನ ನಂಬರಿಗೆ ನೀವೇ ಕರೆ ಮಾಡಿ. ಪೊಲೀಸರೆಂದು ಹೇಳಿ ವಿಡಿಯೋ ಕರೆಯಲ್ಲಿ ಕೂರಿಸಿ ಹೆದರಿಸಿದರೂ ಹೀಗೇ. ಕಾನೂನಿನಲ್ಲಿ 'ಡಿಜಿಟಲ್ ಅರೆಸ್ಟ್' ಎಂಬುದೇ ಇಲ್ಲ ಎಂದು 2024ರ ಅಕ್ಟೋಬರಿನಲ್ಲಿ ಪ್ರಧಾನಿಯವರೇ ರೇಡಿಯೋದಲ್ಲಿ ಹೇಳಿದ್ದಾರೆ. ದುಡ್ಡು ಹೋಗಿಬಿಟ್ಟಿದ್ದರೆ ಅಳುತ್ತ ಕೂರದೆ ಕೂಡಲೇ 1930ಕ್ಕೆ ಫೋನ್ ಮಾಡಿ. ನಂಬರನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ: ಒಂದು, ಒಂಬತ್ತು, ಮೂರು, ಸೊನ್ನೆ.

ರೇಡಿಯೋ ಕಲಿಸಬಲ್ಲದೇ ಎಂದು ಕೇಳುವವರಿಗೆ ಪುಣೆಯ ಇನ್ನೊಂದು ಕಥೆ ಹೇಳಿ ಮುಗಿಸುತ್ತೇನೆ. 1956ರಲ್ಲಿ ಯುನೆಸ್ಕೋ ನೆರವಿನಿಂದ ಆಕಾಶವಾಣಿ ಪುಣೆಯ ಸುತ್ತಲಿನ ಐದು ಜಿಲ್ಲೆಗಳಲ್ಲಿ ಒಂದು ಪ್ರಯೋಗ ಮಾಡಿತು. ಸುಮಾರು 150 ಹಳ್ಳಿಗಳಲ್ಲಿ ರೈತರ ಗುಂಪುಗಳು ರೇಡಿಯೋ ಸುತ್ತ ಕೂತು ಕೃಷಿಯ ಕಾರ್ಯಕ್ರಮ ಕೇಳಿದವು. ಒಟ್ಟು 20 ಕಾರ್ಯಕ್ರಮ. ಕೇಳಿ ಎದ್ದು ಹೋಗುವಂತಿಲ್ಲ. ಕೇಳಿದ್ದನ್ನು ಕೂಡಿ ಚರ್ಚಿಸಬೇಕು, ಅನುಮಾನಗಳನ್ನು ಬರೆದು ಕಳಿಸಬೇಕು, ಮುಂದಿನ ಕಾರ್ಯಕ್ರಮದಲ್ಲಿ ಉತ್ತರ ಬರುತ್ತಿತ್ತು. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು ಅಧ್ಯಯನ ಮಾಡಿ ನೋಡಿದರು. ಇಂಥ ಗುಂಪುಗಳಿದ್ದ ಹಳ್ಳಿಗಳ ಜನರಿಗೆ ವಿಷಯ ಚೆನ್ನಾಗಿ ತಿಳಿದಿತ್ತು, ಬರಿದೇ ರೇಡಿಯೋ ಇದ್ದ ಹಳ್ಳಿಗಳಲ್ಲಿ ಅಷ್ಟಾಗಿ ಇರಲಿಲ್ಲ. ಮೂರು ವರ್ಷದ ಮೇಲೆ ಈ ಏರ್ಪಾಡು ದೇಶದ ಬೇರೆ ಕಡೆಗೂ ಹೋಯಿತು. ಪೆಟ್ಟಿಗೆ ಎರಡೂ ಕಡೆ ಒಂದೇ. ವ್ಯತ್ಯಾಸ ಮಾಡಿದ್ದು ಸುತ್ತ ಕೂತು ಆಡಿದ ಮಾತು.

ಅದನ್ನೇ ನಾವು ನಮ್ಮ ಅಳತೆಯಲ್ಲಿ ಮಾಡೋಣ. ನಿಮ್ಮ ಮನೆಯಲ್ಲಿ, ಸೊಸೈಟಿಯಲ್ಲಿ, ಕೆಲಸದ ಜಾಗದಲ್ಲಿ ಒಬ್ಬರನ್ನು ಆರಿಸಿಕೊಳ್ಳಿ. ಅತ್ತೆಯವರಿರಬಹುದು, ವಾಚ್‌ಮನ್ ಇರಬಹುದು, ಮನೆಗೆಲಸಕ್ಕೆ ಬರುವ ಅಕ್ಕ ಇರಬಹುದು. ಈ ತಿಂಗಳು ಒಂದೇ ಒಂದು ವಿಷಯ ಅವರ ಭಾಷೆಯಲ್ಲಿ ಹೇಳಿಕೊಡಿ: ಫೋನಿನಲ್ಲಿ ಕನ್ನಡ ಟೈಪ್ ಮಾಡುವುದು, ಒಟಿಪಿ ಯಾರಿಗೂ ಹೇಳಬಾರದೆಂಬುದು, ರೇಷನ್ ಪಡೆಯುವ ದಾರಿ, ಯಾವುದಾದರೂ ಸರಿ. ಫೋನನ್ನು ಅವರ ಕೈಯಿಂದ ಕಸಿದುಕೊಂಡು ನೀವೇ ಒತ್ತಿಬಿಡಬೇಡಿ. ಎಷ್ಟು ಹೊತ್ತಾದರೂ ಅವರ ಬೆರಳೇ ಒತ್ತಲಿ. ಅವರು ಕೇಳಿದ ಪ್ರಶ್ನೆಯಲ್ಲಿ ನಿಮಗೆ ಉತ್ತರ ತಿಳಿಯದ್ದು ಯಾವುದಿತ್ತು ಎಂದು ನಮಗೆ ಬರೆಯಿರಿ. ತಿಳಿದವರನ್ನು ಸ್ಟುಡಿಯೋಗೆ ಕರೆಸಿ ಇದೇ ಕಾರ್ಯಕ್ರಮದಲ್ಲಿ ಉತ್ತರ ಕೊಡಿಸುತ್ತೇವೆ. ಸಾಧ್ಯವಾದರೆ ಕನ್ನಡ ಅಕ್ಷರದಲ್ಲೇ ಬರೆಯಿರಿ. 'ಹಾಲು', 'ಹಳ್ಳು' ಗೊಂದಲ ತಪ್ಪುತ್ತದೆ.